ಸೊನ್ನಲಿಗೆಯ ಮನೆಗಳಿಗೆ ನಗೆ ಬಂದ ಬಗೆ

ಗಡಿನಾಡಿನ ಕನ್ನಡಿಗರಾದ ನಾವು ನಮ್ಮ ಚರಿತ್ರೆಯನ್ನು ಹೇಳಿಕೊಳ್ಳುವಾಗ ಶಾಸನಗಳಿಂದ ಆರಂಭಿಸುವುದು ವಾಡಿಕೆ. ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯುತ್ತೇವೆ. ಅಕ್ಕಲಕೋಟೆ ಸಂಸ್ಥಾನದ ದಿನಗಳನ್ನು ಸ್ಮರಿಸುತ್ತೇವೆ. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವನ್ನೂ, 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದ ಮೊದಲ ಮಹಿಳೆ ನಮ್ಮೂರಿನ ಜಯದೇವಿತಾಯಿ ಲಿಗಾಡೆಯವರೆಂಬುದನ್ನೂ ಹೆಮ್ಮೆಯಿಂದ ಹೇಳುತ್ತೇವೆ. ಇವೆಲ್ಲ ಹೇಳಲೇಬೇಕಾದ ಸಂಗತಿಗಳು. ಆದರೆ ಇಂಥ ಸ್ಮರಣ ಸಂಚಿಕೆಗಳ ಪುಟಗಳಲ್ಲಿ ಒಂದು ವಿಷಯಕ್ಕೆ ಮಾತ್ರ ಜಾಗ ದೊರೆತದ್ದು ಕಡಿಮೆ. ನಾವು ಯಾವ ಭಾಷೆಯಲ್ಲಿ ನಕ್ಕೆವು, ಯಾರ ಮಾತಿಗೆ ನಕ್ಕೆವು, ಆ ನಗೆ ನಮ್ಮ ಮನೆಯೊಳಗೆ ಯಾವ ದಾರಿಯಿಂದ ಬಂದಿತು ಎಂಬುದೇ ಆ ವಿಷಯ.

ಇದು ಹಗುರವಾದ ವಿಷಯವೆಂದು ಯಾರಾದರೂ ಭಾವಿಸಿದರೆ ಅವರು ಒಂದು ಸಣ್ಣ ಪರೀಕ್ಷೆಯನ್ನು ಮಾಡಿ ನೋಡಬಹುದು. ಕಲಿತ ಭಾಷೆಯಲ್ಲಿ ವಾರ್ತೆ ತಿಳಿಯುತ್ತದೆ, ಲೆಕ್ಕ ತಿಳಿಯುತ್ತದೆ, ಸರಕಾರಿ ಅರ್ಜಿಯೂ ತಿಳಿಯುತ್ತದೆ. ನಗೆಮಾತು ಹಾಗಲ್ಲ. ಅದನ್ನು ಬಿಡಿಸಿ ಹೇಳಿದೊಡನೆ ಅದು ಸತ್ತುಹೋಗುತ್ತದೆ. ಕೇಳಿದ ಕ್ಷಣದಲ್ಲಿಯೇ ನಗು ಉಕ್ಕಬೇಕಾದರೆ ಆ ಭಾಷೆಯ ಒಳಮನೆಯಲ್ಲಿ ನಮ್ಮ ಓಡಾಟವಿರಬೇಕು. ಆದಕಾರಣ ಗಡಿನಾಡಿನ ಮಗುವೊಂದು ಕನ್ನಡದ ನಗೆಮಾತಿಗೆ ಯಾರ ಸಹಾಯವೂ ಇಲ್ಲದೆ ನಕ್ಕರೆ ಆ ಮನೆಯಲ್ಲಿ ಕನ್ನಡ ಬದುಕಿದೆ ಎಂದು ಧಾರಾಳವಾಗಿ ತಿಳಿಯಬಹುದು.

ದೂರದರ್ಶನ ಬರುವ ಮುನ್ನ ನಮ್ಮ ಕಡೆ ನಗೆಗೆ ಋತುಮಾನವಿತ್ತು. ಸುಗ್ಗಿ ಮುಗಿದ ಮೇಲೆ, ಜಾತ್ರೆ ಕೂಡಿದಾಗ, ಬಯಲಿನಲ್ಲಿ ಶ್ರೀಕೃಷ್ಣ ಪಾರಿಜಾತದ ಆಟ ನಡೆದಾಗ ನಗೆ ಬರುತ್ತಿತ್ತು. ಪಾರಿಜಾತದ ದೂತಿ ದೇವಲೋಕದ ಕಥೆಯ ನಡುವೆಯೇ ನಮ್ಮ ಓಣಿಯ ಹೆಣ್ಣುಮಗಳಂತೆ ಮಾತನಾಡಿ ನೆರೆದ ಜನರನ್ನು ನಗಿಸುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧೇಶ್ವರರ ಗಡ್ಡದ ಜಾತ್ರೆಗೆ ಬರುವವರಲ್ಲಿ ಕನ್ನಡಿಗರು, ಮರಾಠಿಗರು, ಮಗ್ಗದ ಕಸುಬಿನ ತೆಲುಗರು, ದಖನಿ ಮಾತಿನ ಮುಸಲ್ಮಾನ ಬಾಂಧವರು ಎಲ್ಲರೂ ಇರುತ್ತಿದ್ದರು. ತಮಾಶೆಯ ಸೋಂಗಾಡ್ಯಾನ ಮಾತಿಗೆ ಕನ್ನಡಿಗನೂ ನಗುತ್ತಿದ್ದನು, ಕಂಪನಿ ನಾಟಕದ ಹಾಸ್ಯಪಾತ್ರಕ್ಕೆ ಮರಾಠಿಗನೂ ಚಪ್ಪಾಳೆ ತಟ್ಟುತ್ತಿದ್ದನು. ನಾಲ್ಕು ಭಾಷೆಗಳ ಈ ಊರಿನಲ್ಲಿ ನಗೆಗೆ ಗಡಿಕಲ್ಲು ನೆಟ್ಟವರಾರೂ ಇರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬಯಿ ರಾಜ್ಯದ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿ ಉಳಿದು, 1960ರ ಮೇ 1ರಿಂದ ಮಹಾರಾಷ್ಟ್ರದ ಭಾಗವಾದವು. ಭೀಮೆಯ ಆಚೆಯ ದಂಡೆಯ ಇಂಡಿ ಬೇರೆ ರಾಜ್ಯದ ಊರಾಯಿತು. ಬೀಗತನ ನಿಲ್ಲಲಿಲ್ಲ, ಸಂತೆ ನಿಲ್ಲಲಿಲ್ಲ. 1950ರ ಜನವರಿಯಲ್ಲಿ ಆರಂಭವಾಗಿದ್ದ ಧಾರವಾಡದ ಆಕಾಶವಾಣಿಯೂ ಗಡಿಯ ಗೆರೆಯನ್ನು ಕೇಳಿ ಬರುತ್ತಿರಲಿಲ್ಲ. ಆ ನಿಲಯದಲ್ಲಿ ಸೇವೆ ಸಲ್ಲಿಸಿದ ಎನ್ಕೆಯವರಂಥ ನಗೆಬರಹಗಾರರು ನಮ್ಮ ಸೀಮೆಯ ಆಡುಮಾತಿಗೂ ಮರ್ಯಾದೆಯಿದೆ ಎಂಬ ಧೈರ್ಯವನ್ನು ಕೇಳುಗರಲ್ಲಿ ತುಂಬಿದರು. ರೇಡಿಯೋದ ಮುಂದೆ ಕುಳಿತು ನಕ್ಕ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ.

ಇನ್ನು ದೂರದರ್ಶನದ ಮಾತು. ಇಲ್ಲಿ ನಮ್ಮ ಕಿರಿಯರಿಗೆ ತಿಳಿದಿರದ ಸ್ವಾರಸ್ಯವೊಂದಿದೆ. ಕನ್ನಡ ದೂರದರ್ಶನವೆಂದರೆ ಬೆಂಗಳೂರು ಎಂಬುದು ಈಗಿನ ತಿಳಿವಳಿಕೆ. ಆದರೆ ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೇರಿಕೆಯ ಉಪಗ್ರಹವೊಂದರ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ದೂರದರ್ಶನದ ಮಹಾಪ್ರಯೋಗವೊಂದು ನಡೆಯಿತು. ಸೈಟ್ ಎಂದು ಅದಕ್ಕೆ ಹೆಸರು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಹಳ್ಳಿಯ ಸಾರ್ವಜನಿಕ ಸ್ಥಳದಲ್ಲಿ ಒಂದು ಪೆಟ್ಟಿಗೆ, ಮಾಳಿಗೆಯ ಮೇಲೆ ತಂತಿಬಲೆಯ ದೊಡ್ಡ ತಟ್ಟೆ, ಅದರ ಮುಂದೆ ನೆಲದ ಮೇಲೆ ಕುಳಿತ ಊರು. ಬೇಸಾಯ, ಆರೋಗ್ಯ, ಶಿಕ್ಷಣಗಳನ್ನು ಕುರಿತ ಕಾರ್ಯಕ್ರಮಗಳೇ ಅದರ ಮುಖ್ಯ ಉದ್ದೇಶ. ಹಿಂದಿ, ಒಡಿಯಾ, ತೆಲುಗುಗಳೊಡನೆ ಕನ್ನಡವೂ ಅದರಲ್ಲಿ ಮಾತನಾಡಿತು.

ಅಂದರೆ ಬೆಂಗಳೂರಿನ ಶ್ರೀಮಂತರ ಮನೆಗಳಿಗಿಂತ ಮೊದಲೇ ಗುಲ್ಬರ್ಗಾ ಜಿಲ್ಲೆಯ ಒಕ್ಕಲಿಗನು ದೂರದರ್ಶನದಲ್ಲಿ ಕನ್ನಡವನ್ನು ಕಂಡನು. ಅಕ್ಕಲಕೋಟೆಗೆ ಅಂಟಿಕೊಂಡಿರುವ ಜಿಲ್ಲೆ ಅದು. ಆದರೆ ಆರು ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರವಿರಲಿಲ್ಲವಾಗಿ ಗಡಿಯ ಈಚೆಗಿನ ನಮ್ಮ ಹಳ್ಳಿಗಳಿಗೆ ಆ ಪೆಟ್ಟಿಗೆ ಬರಲಿಲ್ಲ. ಆಚೆಗಿನ ಬೀಗರ ಊರಿಗೆ ಹೋದವರು ನೋಡಿ ಬಂದರು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೇ ಆರಂಭವಾಯಿತು. ಗಡಿನಾಡು ಎಂಬುದರ ಅರ್ಥವನ್ನು ಇದಕ್ಕಿಂತ ಸುಲಭವಾಗಿ ತಿಳಿಸುವ ಉದಾಹರಣೆ ಬೇರೊಂದಿಲ್ಲ. ಮಾತು ಒಂದೇ, ನೆಲ ಒಂದೇ, ಆದರೆ ಪೆಟ್ಟಿಗೆ ಮಾತ್ರ ಆಚೆ!

ನಮ್ಮ ಪಾಲಿಗೆ ಬಂದ ದೂರದರ್ಶನವು ಹಿಂದಿ ಮತ್ತು ಮರಾಠಿಗಳಲ್ಲಿ ಮಾತನಾಡಿತು. 1972ರಲ್ಲಿ ಆರಂಭವಾದ ಮುಂಬಯಿ ಕೇಂದ್ರವು ಚಿ. ವಿ. ಜೋಶಿಯವರ ಚಿಮಣರಾವ ಮತ್ತು ಗುಂಡ್ಯಾಭಾವು ಪಾತ್ರಗಳನ್ನು ಕಿರುತೆರೆಗೆ ತಂದು, ದಿಲೀಪ ಪ್ರಭಾವಳಕರ ಮತ್ತು ಬಾಳ ಕರ್ವೆಯವರನ್ನು ಮನೆಮಾತಾಗಿಸಿತು. 1984ರ ಸುಮಾರಿಗೆ ದೇಶದ ತುಂಬೆಲ್ಲ ಮರುಪ್ರಸಾರ ಕೇಂದ್ರಗಳು ಎದ್ದವು. ಅದೇ ವರ್ಷ ‘ಹಮ್ ಲೋಗ್’ ಬಂದಿತು. ಶರದ್ ಜೋಶಿಯವರು ಬರೆದ ‘ಯೇ ಜೋ ಹೈ ಜಿಂದಗಿ’ ಕೂಡ ಬಂದಿತು. ಒಂದೇ ಮನೆ, ಗಂಡ, ಹೆಂಡತಿ, ಹೆಂಡತಿಯ ತಮ್ಮ, ನೆರೆಹೊರೆಯವರು, ಪ್ರತಿ ವಾರ ಬೇರೆ ಬೇರೆ ವೇಷದಲ್ಲಿ ಬರುವ ಸತೀಶ್ ಶಾಹ್. ಇಷ್ಟೇ ಸಾಮಗ್ರಿಯಿಂದ ದೇಶವೆಲ್ಲ ನಕ್ಕಿತು. ನಮ್ಮ ಹಿರಿಯರೂ ನಕ್ಕರು, ಆದರೆ ಅರ್ಧ ನಗೆ. ಮೊಮ್ಮಗನು ಹಿಂದಿಯನ್ನು ಕನ್ನಡಕ್ಕೆ ತಿರುಗಿಸಿ ಹೇಳುವಷ್ಟರಲ್ಲಿ ತೆರೆಯ ಮೇಲೆ ಮುಂದಿನ ಮಾತು ಮುಗಿದಿರುತ್ತಿತ್ತು.

ಎರಡು ವರ್ಷಗಳ ತರುವಾಯ, 1986ರಲ್ಲಿ, ಕನ್ನಡ ನೆಲವೇ ಹಿಂದಿಯ ಉಡುಪು ತೊಟ್ಟು ನಮ್ಮ ಮನೆಗೆ ಬಂದಿತು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಚಿತ್ರಿತವಾದದ್ದು ಮಲೆನಾಡಿನ ಆಗುಂಬೆಯಲ್ಲಿ. ಬಾಲಕ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ, ಅವನ ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಪರೀಕ್ಷೆಯ ಭಯ, ತಂದೆಯ ಗದರಿಕೆ, ಅಜ್ಜಿಯ ಮಡಿಲು, ಸುಳ್ಳು ಹೇಳಿ ಸಿಕ್ಕಿಬೀಳುವ ಹುಡುಗ! ಶಾಲೆಯಲ್ಲಿ ದಿನವೂ ಇಂಥ ಸ್ವಾಮಿಗಳನ್ನು ಕಾಣುತ್ತಿದ್ದ ನಮ್ಮಂಥ ಶಿಕ್ಷಕರಿಗೆ ಅದು ಬಲು ಹತ್ತಿರದ ನಗೆಯಾಯಿತು. ಪಾತ್ರಧಾರಿಗಳ ಮುಖದಲ್ಲಿ ಕನ್ನಡವಿತ್ತು, ಜಗಲಿಯಲ್ಲಿ ಕನ್ನಡವಿತ್ತು. ಮಾತು ಮಾತ್ರ ಹಿಂದಿಯದಾಗಿತ್ತು.

ಕನ್ನಡದ ಮಾತೇ ನಮ್ಮ ಮನೆಗಳಿಗೆ ಬಂದದ್ದು ಖಾಸಗಿ ವಾಹಿನಿಗಳ ಕಾಲದಲ್ಲಿ. 1994ರಲ್ಲಿ ಉದಯ ಟಿವಿ, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಆರಂಭವಾದವು. ಆದರೆ ಗಡಿಯ ಈಚೆಗೆ ಅವನ್ನು ಪಡೆಯುವುದಕ್ಕೂ ಒಂದು ಸಣ್ಣ ಚಳವಳಿ ಬೇಕಾಯಿತು. ನಮ್ಮ ಬಡಾವಣೆಯ ಕೇಬಲ್ ನಡೆಸುವವರ ಬಳಿ ನಾಲ್ಕಾರು ಮನೆಯವರು ಕೂಡಿ ಹೋಗಿ, ‘ಕನ್ನಡದ ವಾಹಿನಿಯನ್ನೂ ಬಿಡಿರಿ’ ಎಂದು ಕೇಳಿಕೊಳ್ಳಬೇಕಾಗಿತ್ತು. ಅದು ಬಂದ ಮೇಲೂ ಪಟ್ಟಿಯ ಕೊನೆಯಲ್ಲಿ, ಮಸುಕು ಚಿತ್ರದೊಡನೆ ಇರುತ್ತಿತ್ತು. ಹೀಗೆ ಕೇಳಿ ಪಡೆದ ವಾಹಿನಿಯಲ್ಲಿ ನಮ್ಮವರು ವಾರ್ತೆಯನ್ನೂ ವಚನಗಾಯನವನ್ನೂ ನಿರೀಕ್ಷಿಸಿದ್ದರು. ದೊರೆತದ್ದು ‘ಪಾಪ ಪಾಂಡು’.

ಸಿಹಿಕಹಿ ಚಂದ್ರು ಅವರು ನಿರ್ದೇಶಿಸಿದ ಈ ಹಾಸ್ಯ ಧಾರಾವಾಹಿಯು ಮೊದಲ ನೋಟಕ್ಕೆ ತೀರ ಸಾಮಾನ್ಯವಾದದ್ದು. ಹೆಂಡತಿಗೆ ಅಂಜುವ ಗಂಡ, ಗಂಡನನ್ನು ಅಂಜಿಸುವ ಹೆಂಡತಿ. ಚಿದಾನಂದ ಮತ್ತು ಶಾಲಿನಿಯವರು ಈ ಜೋಡಿಯ ಪಾತ್ರಧಾರಿಗಳು. ಹೆಸರು ಕೇಳಿದರೆ ಮಕ್ಕಳಾಟವೆನಿಸುವ ಈ ಧಾರಾವಾಹಿಯ ಮುಂದೆ ಮನೆಯ ಮೂರು ತಲೆಮಾರುಗಳು ಒಟ್ಟಿಗೆ ಕುಳಿತವು. ಮರುದಿನ ಶಾಲೆಯ ಬಿಡುವಿನಲ್ಲಿ ಹುಡುಗರು ಪಾಂಡುವಿನ ಅಂಜಿಕೆಯನ್ನು ಅಭಿನಯಿಸಿ ತೋರಿಸುತ್ತಿದ್ದರು. ಅವರಲ್ಲಿ ಮರಾಠಿ ಮಾಧ್ಯಮದ ಮಕ್ಕಳೂ ಇದ್ದರು.

ಅನಿರೀಕ್ಷಿತವಾದ ಈ ನಗೆಯ ಗುಟ್ಟೇನು? ನಮಗೆ ತೋರುವಂತೆ ಅದು ಹೊಸದಾಗಿ ಹುಟ್ಟಿದ ವಿದ್ಯೆಯಲ್ಲ, ಕಂಪನಿ ನಾಟಕದ ಹಳೆಯ ವಿದ್ಯೆ. ಪಾತ್ರದ ಒಂದು ದೌರ್ಬಲ್ಯವನ್ನು ನೋಡುಗನಿಗೆ ಮೊದಲೇ ತಿಳಿಸಿಬಿಡಬೇಕು. ಅನಂತರ ಆ ದೌರ್ಬಲ್ಯವು ಯಾವ ಬಾಗಿಲಿನಿಂದ ಹೊರಬರುವುದೋ ಎಂದು ಅವನನ್ನು ಕಾಯಿಸಬೇಕು. ಪಾಂಡು ಸುಳ್ಳು ಹೇಳುವನೆಂಬುದೂ ಸಿಕ್ಕಿಬೀಳುವನೆಂಬುದೂ ಎಲ್ಲರಿಗೂ ಗೊತ್ತು. ಹೇಗೆ ಸಿಕ್ಕಿಬೀಳುವನು ಎಂಬುದಷ್ಟೇ ಗುಟ್ಟು. ಜಾತ್ರೆಯ ತಗಡಿನ ಥಿಯೇಟರಿನಲ್ಲಿ ಹಾಸ್ಯನಟನು ತೆರೆಯ ಮರೆಯಿಂದ ತಲೆ ಹಾಕಿದ ಮಾತ್ರಕ್ಕೇ ಜನ ನಗಲು ಆರಂಭಿಸುತ್ತಿದ್ದುದು ಇದೇ ಕಾರಣದಿಂದ. ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ದೊರೆಯುತ್ತಿದ್ದ ಆ ಸುಖವು ಈಗ ಸಂಜೆ ಸಂಜೆಗೂ ದೊರೆಯತೊಡಗಿತು. ಬೆನ್ನಹಿಂದೆಯೇ ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ ಬಂದಿತು. ರವಿಶಂಕರ ಅವರ ವೈದ್ಯ ವಿಠ್ಠಲರಾವ್, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ ಇವರು ನಮ್ಮ ಮನೆಗಳಲ್ಲಿ ನೆಂಟರಂತೆ ನೆಲೆಯೂರಿದರು. ಸಮಾಜಸೇವೆಯ ಹೆಸರಿನಲ್ಲಿ ಮೆರೆಯುವವರು ಯಾವ ಊರಿನಲ್ಲಿಲ್ಲ?

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಈ ಧಾರಾವಾಹಿಗಳ ಕನ್ನಡ ಬೆಂಗಳೂರಿನದು. ನಮ್ಮ ಮನೆಯ ‘ಬರ್ರಿ’, ‘ಹೌದ್ರಿ’, ‘ಸಾಲಿ’, ‘ಮುತ್ಯಾ’ಗಳು ಅಲ್ಲಿ ಕೇಳಿಬಂದರೆ ಹೆಚ್ಚಾಗಿ ಮನೆಗೆಲಸದವನ ಬಾಯಲ್ಲಿ, ಹಳ್ಳಿಯಿಂದ ಬಂದು ದಾರಿತಪ್ಪಿದ ಮುಗ್ಧನ ಬಾಯಲ್ಲಿ. ಅವನು ಹೇಳಿದ ಸಂಗತಿಗೆ ಯಾರೂ ನಗುತ್ತಿರಲಿಲ್ಲ, ಹೇಳಿದ ಧಾಟಿಗೆ ನಗುತ್ತಿದ್ದರು. ಗಡಿಯ ಈಚೆಗೆ ಮರಾಠಿಯವರ ನಡುವೆ ಕನ್ನಡವನ್ನು ಕಾಪಾಡಿಕೊಂಡು ಬಂದ ಕುಟುಂಬವು, ಕನ್ನಡದ ವಾಹಿನಿಯಲ್ಲಿಯೇ ತನ್ನ ಮಾತು ನಗೆಪಾಟಲಾಗುವುದನ್ನು ಕಂಡರೆ ಮಕ್ಕಳು ಏನೆಂದು ತಿಳಿಯಬೇಕು? ತಮ್ಮ ಮನೆಯ ಕನ್ನಡವು ಕನ್ನಡವೇ ಅಲ್ಲವೆಂದು ತಿಳಿದಾರು. ಇದು ನಮ್ಮನ್ನು ಬಹುದಿನ ಕಾಡಿದ ಪ್ರಶ್ನೆ.

ಮಾತಿನ ಧಾಟಿಯಿಂದ ನಗಿಸುವುದೆಲ್ಲ ಅವಮಾನವೇ ಎಂದರೆ ಅದೂ ಸರಿಯಾಗದು. ಮರಾಠಿಯ ಮಹಾನ್ ಹಾಸ್ಯ ಲೇಖಕ ಪು. ಲ. ದೇಶಪಾಂಡೆಯವರು ಬೆಳಗಾವಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರು ಬರೆದ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರದ ನಾಯಕನು ಕನ್ನಡದ ಧಾಟಿಯಲ್ಲಿ ಮರಾಠಿಯನ್ನಾಡುವ ಬೆಳಗಾವಿಯ ಗೃಹಸ್ಥ. ಲಿಂಗ ವಿಭಕ್ತಿಗಳೆಲ್ಲ ತಲೆಕೆಳಗಾದ ಆ ಮಾತಿಗೆ ಮಹಾರಾಷ್ಟ್ರವೆಲ್ಲ ನಕ್ಕಿತು. ಆದರೆ ಓದಿ ಮುಗಿಸುವ ಹೊತ್ತಿಗೆ ರಾವಸಾಹೇಬರ ದೊಡ್ಡ ಮನಸ್ಸಿಗೆ ಓದುಗನ ತಲೆ ಬಾಗಿರುತ್ತದೆ. ಧಾಟಿಯು ಅಲ್ಲಿ ಮನುಷ್ಯನೊಳಗೆ ಹೋಗುವ ಬಾಗಿಲು. ಕನ್ನಡದ ಧಾರಾವಾಹಿಗಳಲ್ಲಿ ಆ ಬಾಗಿಲು ತೆರೆಯಲು ಕಾಲ ಹಿಡಿಯಿತು. ಸ್ವಾಮಿಯ ತಾಯಿಯಾಗಿ ನಾವು ಕಂಡಿದ್ದ ವೈಶಾಲಿ ಕಾಸರವಳ್ಳಿಯವರೇ ಮುಂದೆ ಈಟಿವಿಗಾಗಿ ‘ಮೂಡಲಮನೆ’ಯನ್ನು ನಿರ್ದೇಶಿಸಿ, ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಒಂದು ತುಂಬು ಮನೆತನದ ಕಥೆಯನ್ನು ಹೇಳಿದರು. ಅದು ಹಾಸ್ಯವಲ್ಲ. ಆದರೆ ನಮ್ಮ ಮಾತಿನಲ್ಲಿ ಮನೆಯ ಯಜಮಾನನೂ ಮಾತನಾಡಬಹುದು, ದುಃಖವನ್ನೂ ಹೇಳಬಹುದು ಎಂದು ಅದು ತೋರಿಸಿಕೊಟ್ಟಿತು. ಗಂಗಾವತಿ ಪ್ರಾಣೇಶರಂಥ ಭಾಷಣಕಾರರು ಇದೇ ಮಾತಿನಲ್ಲಿ ಸಭೆ ಸಭೆಗಳನ್ನು ನಗಿಸಿ ಬೆಂಗಳೂರಿನವರ ಕಿವಿಯನ್ನೂ ಹದಗೊಳಿಸಿದರು.

ಈ ಹದವಾದ ನೆಲದಲ್ಲಿ, 2016ರಲ್ಲಿ, ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಬಂದಿತು. ಜಗ್ಗೇಶ್, ಯೋಗರಾಜ ಭಟ್ಟ, ರಕ್ಷಿತಾ ಇವರು ತೀರ್ಪುಗಾರರು. ಸ್ಪರ್ಧೆಯ ಕಾರ್ಯಕ್ರಮವೆಂದರೆ ಅಬ್ಬರವೇ ಹೆಚ್ಚೆಂದು ದೂರವಿದ್ದ ಹಿರಿಯರೂ ನಿಧಾನವಾಗಿ ತೆರೆಯ ಹತ್ತಿರಕ್ಕೆ ಸರಿದರು. ನಾಡಿನ ಬೇರೆ ಬೇರೆ ಸೀಮೆಗಳ ಹುಡುಗ ಹುಡುಗಿಯರು ತಮ್ಮ ತಮ್ಮ ಊರ ಮಾತಿನಲ್ಲಿಯೇ ಕಿರುಪ್ರಹಸನಗಳನ್ನು ಆಡತೊಡಗಿದ್ದರು. ಬೆಳಗಾವಿ ಜಿಲ್ಲೆಯ ನಾಟಕ ರಂಗದಿಂದ ಬಂದ, ಕುಳ್ಳ ದೇಹದ ಸಂಜು ಬಸಯ್ಯನವರು ನಮ್ಮ ಕಡೆಯ ಮಾತನ್ನು ವೇದಿಕೆಯ ನಡುವೆ ನಿಂತು ಆಡಿದರು. ನಮ್ಮ ಮಾತನ್ನಾಡುವವನು ಇಲ್ಲಿ ನಗಿಸುವ ಜಾಣನಾಗಿದ್ದನು. ಹೊಸತನವಿದ್ದದ್ದು ಇದರಲ್ಲಿಯೇ. ಮನೆಯ ಆಯಿಯು ಮೊದಲು ನಕ್ಕು, ಇಂಗ್ಲಿಷ್ ಶಾಲೆಯ ಮೊಮ್ಮಗಳು ‘ಏನಂದ ಆಯಿ, ಏನಂದ?’ ಎಂದು ಕೇಳುವ ಕಾಲ ಬಂದಿತು. ಹಿಂದಿಯ ದಿನಗಳಲ್ಲಿ ಅರ್ಥ ಹೇಳುವ ಕೆಲಸ ಮೊಮ್ಮಗನದಾಗಿತ್ತು. ಈಗ ಅದು ಆಯಿಯದಾಯಿತು.

‘ಆಯಿ’ ಎಂಬ ಮಾತು ಬಂದದ್ದರಿಂದ ನಮ್ಮ ಸೀಮೆಯ ಹಾಸ್ಯದ ಭಂಡಾರ ಎಷ್ಟು ದೊಡ್ಡದೆಂದು ತೋರಿಸಲು ಅದನ್ನೇ ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಹೊಸದಾಗಿ ಬಂದ ಮರಾಠಿ ಗುರುಗಳು ಹುಡುಗನಿಗೆ ‘ನಾಳೆ ನಿನ್ನ ಆಯಿಯನ್ನು ಕರೆದುಕೊಂಡು ಬಾ’ ಎನ್ನುತ್ತಾರೆಂದು ಊಹಿಸಿಕೊಳ್ಳಿರಿ. ಹುಡುಗನು ಎಪ್ಪತ್ತು ವರ್ಷದ ಅಜ್ಜಿಯನ್ನು ಕೈಹಿಡಿದು ತರುತ್ತಾನೆ. ಗುರುಗಳು ವಯಸ್ಸನ್ನು ನೋಡಿ ಬೆರಗಾಗುತ್ತಾರೆ. ಅಜ್ಜಿಯು ಅವ್ವನ ಮೇಲಿನ ತನ್ನ ದೂರುಗಳನ್ನೆಲ್ಲ ಗುರುಗಳ ಮುಂದೆ ಹರವುತ್ತಾಳೆ. ಹಾಗೆಯೇ ಕನ್ನಡದ ‘ಹಣ’ ಮರಾಠಿಯವನ ಕಿವಿಗೆ ‘ಹೊಡೆ’ ಎಂದು ಕೇಳಿಸಬಹುದು. ಸಂತೆಯಲ್ಲಿ ‘ಹಣ, ಹಣ’ ಎಂದು ಕೂಗಿದವನ ಗತಿಯೇನು? ಇಂಥ ಪ್ರಸಂಗಗಳಿಗೆ ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಕಚ್ಚಾ ಮಾಲು ಸಿಕ್ಕದು. ಎರಡು ಭಾಷೆಗಳ ನಡುವಿನ ಓಣಿಯಲ್ಲಿ ಬೆಳೆದವರಿಗೆ ಮಾತ್ರ ಅದು ದೊರೆಯುತ್ತದೆ. ಇಲ್ಲಿ ನಗುವಾಗ ಕನ್ನಡಿಗನೂ ಮರಾಠಿಗನೂ ಸೋಲುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅರಿತುಕೊಳ್ಳುತ್ತಾರೆ.

ಆದರೆ ದೂರದರ್ಶನದ ನಗೆಯನ್ನೇ ನೆಚ್ಚಿ ಕೂಡುವುದು ಜಾಣತನವಾಗದು. ಪುಣೆಯ ಬಾಲಭಾರತಿ ಸಂಸ್ಥೆಯು ಮಹಾರಾಷ್ಟ್ರದ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ನಡೆದುಕೊಂಡು ಬಂದಿವೆ. ಆದರೆ ನೌಕರಿಯ ಚಿಂತೆಯಿಂದ ತಾಯಿತಂದೆಗಳು ಮಕ್ಕಳನ್ನು ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮಗಳಿಗೆ ಕಳಿಸುತ್ತಿರುವುದನ್ನು ಎಲ್ಲರೂ ಬಲ್ಲರು. ಆ ಚಿಂತೆಯನ್ನು ನಾವು ಹಳಿಯಲಾರೆವು. ಅದರ ಪರಿಣಾಮವಾಗಿ ಕನ್ನಡವನ್ನು ಕೇಳಿ ನಗಬಲ್ಲ, ಆದರೆ ಓದಲಾರದ ಪೀಳಿಗೆಯೊಂದು ನಮ್ಮ ಮನೆಗಳಲ್ಲಿ ಬೆಳೆಯುತ್ತಿದೆ. ಈ ಲೇಖನವನ್ನು ಅಂಥ ಮೊಮ್ಮಕ್ಕಳಿಗೆ ಹಿರಿಯರೇ ಓದಿ ಹೇಳಬೇಕಾದೀತು. ನಗೆಯು ಮನೆಯ ಬಾಗಿಲನ್ನು ತೆರೆದಿಟ್ಟಿದೆ. ತೆರೆದ ಬಾಗಿಲಿನಿಂದ ಅಕ್ಷರವನ್ನು ಒಳಗೆ ಕರೆದುಕೊಳ್ಳುವ ಕೆಲಸ ನಮ್ಮದು.

ಆದುದರಿಂದ ಸಂಘದ ಬಂಧುಗಳಲ್ಲಿ ನಮ್ಮದು ಎರಡು ಸಣ್ಣ ವಿನಂತಿಗಳು. ಮುಂಬರುವ ಸಮ್ಮೇಳನಗಳಲ್ಲಿ ಕವಿಗೋಷ್ಠಿ, ವಿಚಾರಗೋಷ್ಠಿಗಳೊಡನೆ ಅರ್ಧ ಗಂಟೆಯನ್ನು ಮಕ್ಕಳ ಕಿರುಪ್ರಹಸನಕ್ಕೆ ಮೀಸಲಿಡೋಣ. ಅದನ್ನು ಮಕ್ಕಳೇ ನಮ್ಮ ಊರ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಬರೆಯಲಿ. ತನ್ನ ನಗೆಮಾತನ್ನು ಬರೆದಿಡಬೇಕೆಂಬ ಹಂಬಲದಿಂದ ಅಕ್ಷರ ಕಲಿತ ಮಗು ಅದನ್ನು ಬೇಗ ಮರೆಯದು. ಎರಡನೆಯದಾಗಿ, ಪ್ರತಿ ಮನೆಯವರೂ ತಮ್ಮ ಮನೆಯ ಆಯಿ, ಮುತ್ಯಾರ ಬಳಿ ಕುಳಿತು ಅವರು ಹೇಳುವ ನಗೆಪ್ರಸಂಗಗಳನ್ನು ಒಂದು ವಹಿಯಲ್ಲಿ ಬರೆದು ಸಂಘಕ್ಕೆ ಒಪ್ಪಿಸಲಿ. ಬೇರೆಯವರು ನಗಿಸಿದ್ದನ್ನು ನಾವು ಬಹುಕಾಲ ನೋಡಿದ್ದೇವೆ. ಸೊನ್ನಲಿಗೆಯ ಮನೆಗಳಲ್ಲಿ ಹುಟ್ಟಿದ ನಗೆಯನ್ನು ನಾಡಿಗೆ ಕಳಿಸುವ ಸರದಿ ಇನ್ನು ನಮ್ಮದಾಗಲಿ.